ಸಾವಿರ ಸಲ ಹೇಳಿದ ಮಾತೂ ಮನವಿಪತ್ರದ ಮಾತೂ

ಪಾಪಿರೆಡ್ಡಿಪಟ್ಟಿಯ ಕನ್ನಡ ಮನೆಯಲ್ಲಿ ತಾಯಿ ಮಗುವಿಗೆ ‘ಸಾವಿರ ಸಲ ಹೇಳಿದೆನಲ್ಲ’ ಎಂದು ಗದರುತ್ತಾಳೆ. ನೆರೆಮನೆಯ ತಮಿಳು ತಾಯಿ ‘ಆಯಿರಂ ತಡವೈ ಸೊನ್ನೇನ್’ ಎನ್ನುತ್ತಾಳೆ. ಹೇಳಿದ್ದು ಮೂರೋ ನಾಲ್ಕೋ ಸಲವೆಂಬುದು ಎರಡೂ ಮನೆಯ ಮಕ್ಕಳಿಗೆ ಗೊತ್ತು; ಸುಳ್ಳೆಂದು ಯಾರೂ ಆಕ್ಷೇಪಿಸರು.

ನಮ್ಮ ಮಕ್ಕಳು ಕನ್ನಡ ತರಗತಿಯಲ್ಲಿ ಅತಿಶಯೋಕ್ತಿ ಎಂದು ಕಲಿಯುವುದನ್ನೇ ತಮಿಳು ತರಗತಿಯಲ್ಲಿ ‘ಉಯರ್ವು ನವಿರ್ಚಿ ಅಣಿ’ ಎಂದು ಕಲಿಯುತ್ತಾರೆ. ಎರಡಕ್ಕೂ ಮೂಲ ಒಂದೇ. ಲೋಕದ ಮೇರೆ ಮೀರಿದ ವರ್ಣನೆಯನ್ನು ಅಲಂಕಾರಗಳಲ್ಲಿ ಉತ್ತಮವೆಂದ ದಂಡಿಯ ‘ಕಾವ್ಯಾದರ್ಶ’ವನ್ನು ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಅನುಸರಿಸಿತು. ತಮಿಳಿನಲ್ಲಿ ‘ದಂಡಿಯಲಂಕಾರಂ’ ಅನುಸರಿಸಿತು. ಗಡಿಯ ವಾದಗಳಲ್ಲಿ ಈ ಸೋದರತ್ವ ಯಾರ ನೆನಪಿಗೂ ಬರುವುದಿಲ್ಲ, ಇರಲಿ.

ಕಾವ್ಯಕ್ಕೆ ಒಪ್ಪುವ ಈ ಗುಣ ನಮ್ಮ ಮನವಿಪತ್ರಗಳಿಗೂ ಹೊಕ್ಕಿರುವುದೇ ಇಂದಿನ ಚಿಂತೆ. ‘ಕನ್ನಡವನ್ನು ನಿಷೇಧಿಸಿದರು’, ‘ಕನ್ನಡ ಸತ್ತೇಹೋಯಿತು’ ಎಂದು ಬರೆಯುತ್ತೇವೆ. ನೋವು ನಿಜ, ವಾಕ್ಯ ನಿಜವಲ್ಲ. 2006ರ ತಮಿಳು ಕಲಿಕೆ ಕಾಯ್ದೆ ಕನ್ನಡವನ್ನು ನಿಷೇಧಿಸಲಿಲ್ಲ. ತಮಿಳನ್ನು ಮೊದಲ ಭಾಗದಲ್ಲಿ ಕಡ್ಡಾಯಗೊಳಿಸಿ, ಅಲ್ಪಸಂಖ್ಯಾತರ ಮಾತೃಭಾಷೆಯನ್ನು ನಾಲ್ಕನೆಯ ಭಾಗದ ಐಚ್ಛಿಕ ವಿಷಯವನ್ನಾಗಿಸಿತು. ‘ನಿಷೇಧ’ ಎಂದೊಡನೆ ಅಧಿಕಾರಿಯು ‘ಐಚ್ಛಿಕವಾಗಿ ಇದೆಯಲ್ಲ’ ಎಂದು ಕಡತ ಮುಚ್ಚುತ್ತಾನೆ. ಕನ್ನಡ ಮಾಧ್ಯಮದ ಮಗುವಿಗೆ ತಮಿಳು ಕಲಿಸಲು, ಕನ್ನಡ ಕಲಿಸಲು ಶಾಲೆಯಲ್ಲಿ ಎಷ್ಟು ಶಿಕ್ಷಕರಿದ್ದಾರೆಂಬ ಪ್ರಶ್ನೆಗೆ ಹಾಗೆ ಉತ್ತರಿಸಲಾಗದು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ 2023ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ಹತ್ತನೆಯ ತರಗತಿಯ ತಮಿಳು ಪತ್ರಿಕೆಯ ತಾತ್ಕಾಲಿಕ ವಿನಾಯಿತಿ ಮುಂದುವರಿದದ್ದು ಇಂತಹ ಅಳತೆಯ ಮಾತಿನ ವಾದದಿಂದ, ಶೋಕಗೀತೆಯಿಂದಲ್ಲ.

ಸಂವಿಧಾನದ 350ಎ ವಿಧಿಯೂ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ‘ಸಾಕಷ್ಟು ಸೌಲಭ್ಯ’ ಬೇಕೆನ್ನುತ್ತದೆ. ಸಾಕಷ್ಟೋ ಅಲ್ಲವೋ ಎಂಬುದು ಎಣಿಸಿದರೆ ಮಾತ್ರ ತಿಳಿಯುವ ಸಂಗತಿ.

ಎಣಿಕೆಯ ಮಾತು ಬಂದಿತು. ‘ಲಕ್ಷೋಪಲಕ್ಷ ಕನ್ನಡಿಗರು’ ಎಂದು ವೇದಿಕೆಯಲ್ಲಿ ಗರ್ಜಿಸುವ ನಾವೇ, ಗಣತಿದಾರ ಬಾಗಿಲಿಗೆ ಬಂದಾಗ ‘ಏನಾದರೂ ಬರೆದುಕೊಳ್ಳಿ’ ಎನ್ನುವುದುಂಟು. 2011ರ ನಂತರದ ಜನಗಣತಿ 2027ರದು. ಮನೆಯಲ್ಲಿ ಕನ್ನಡವಾಡುವವರು ಮಾತೃಭಾಷೆಯ ಪ್ರಶ್ನೆಗೆ, ಮನೆಯ ಪ್ರತಿಯೊಬ್ಬರ ಹೆಸರಿನ ಮುಂದೆಯೂ, ಕನ್ನಡವೆಂದೇ ಬರೆಸಬೇಕು. ಬರೆದದ್ದನ್ನು ಒಮ್ಮೆ ಓದಿಸಿ ಕೇಳಬೇಕು.