ಲಸಿಕೆಯ ಲೆಕ್ಕದಲ್ಲಿ ಹೆಣ್ಣು

ದಡಾರದಿಂದ ಹೆಚ್ಚು ಮಕ್ಕಳು ಸಾಯುತ್ತಿದ್ದ ಪ್ರದೇಶಗಳಲ್ಲಿ, ಆರು ತಿಂಗಳ ಕೂಸುಗಳಿಗೆ ವೈರಾಣುವಿನ ಪ್ರಮಾಣ ಹೆಚ್ಚಿರುವ ಲಸಿಕೆ ನೀಡಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲಿ ಶಿಫಾರಸು ಮಾಡಿತು. ಲಸಿಕೆಯೇನೋ ದಡಾರವನ್ನು ತಡೆಯಿತು. ಆದರೆ ಸೆನೆಗಲ್, ಗಿನಿ-ಬಿಸಾವ್, ಹೈಟಿಗಳಲ್ಲಿ ಅದನ್ನು ಪಡೆದ ಮಕ್ಕಳನ್ನು ಮುಂದೆಯೂ ಗಮನಿಸುತ್ತಾ ಹೋದಾಗ ಕಳವಳಕಾರಿ ಸಂಗತಿಯೊಂದು ಬಯಲಾಯಿತು. ಸಾಮಾನ್ಯ ಲಸಿಕೆ ಪಡೆದ ಹೆಣ್ಣುಮಕ್ಕಳಿಗಿಂತ ಇವರಲ್ಲಿನ ಹೆಣ್ಣುಮಕ್ಕಳು ಹೆಚ್ಚಾಗಿ ಸಾಯುತ್ತಿದ್ದರು. ಗಂಡುಮಕ್ಕಳಲ್ಲಿ ಅಂಥ ವ್ಯತ್ಯಾಸ ಸ್ಪಷ್ಟವಾಗಿ ಕಾಣಲಿಲ್ಲ. 1992ರಲ್ಲಿ ಶಿಫಾರಸನ್ನು ಹಿಂತೆಗೆದುಕೊಳ್ಳಲಾಯಿತು. (ಇಂದು ನಮ್ಮ ಮಕ್ಕಳಿಗೆ ನೀಡುವ ಲಸಿಕೆ ಅದಲ್ಲ, ಪೋಷಕರಿಗೆ ಆತಂಕ ಬೇಡ.) ಕಾರಣದ ಕುರಿತ ಚರ್ಚೆ ಇಂದಿಗೂ ಮುಗಿದಿಲ್ಲ. ಗಂಡು-ಹೆಣ್ಣುಗಳ ಲೆಕ್ಕವನ್ನು ಪ್ರತ್ಯೇಕವಾಗಿ ನೋಡದೇ ಹೋಗಿದ್ದರೆ ಆ ಸಾವುಗಳು ಸರಾಸರಿಯಲ್ಲಿ ಮರೆಯಾಗಿಬಿಡುತ್ತಿದ್ದವೇನೋ.

ರೋಗನಿರೋಧಕ ಕೋಶಗಳ ವರ್ತನೆ ಸ್ತ್ರೀ-ಪುರುಷರಲ್ಲಿ ಒಂದೇ ತೆರನಾಗಿರುವುದಿಲ್ಲ. ಸ್ತ್ರೀಯರಲ್ಲಿ ಎರಡು ಎಕ್ಸ್ ವರ್ಣತಂತುಗಳಿದ್ದರೂ ಪ್ರತಿ ಕೋಶದಲ್ಲಿ ಒಂದು ಬಹುಮಟ್ಟಿಗೆ ಮೌನವಾಗಿರುತ್ತದೆ. ವೈರಾಣುವಿನ ಆರ್‌ಎನ್‌ಎಯನ್ನು ಗುರುತಿಸುವ ಟಿಎಲ್‌ಆರ್-7 ಎಂಬ ವಂಶವಾಹಿ ಮಾತ್ರ ಕೆಲವು ಕೋಶಗಳಲ್ಲಿ ಈ ಮೌನವನ್ನು ಮುರಿಯುತ್ತದೆ ಎಂಬುದು 2018ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಹಾರ್ಮೋನುಗಳ ಪಾತ್ರವೂ ಇದೆ. ಟೆಸ್ಟೋಸ್ಟೆರೋನ್ ಸಾಮಾನ್ಯವಾಗಿ ನಿರೋಧಕ ಪ್ರತಿಕ್ರಿಯೆಯನ್ನು ತಗ್ಗಿಸುತ್ತದೆ. ಕೋವಿಡ್ ಪುರುಷರನ್ನು ಹೆಚ್ಚಾಗಿ ಬಲಿ ತೆಗೆದುಕೊಂಡಿತು. ಮಹಿಳಾ ರೋಗಿಗಳಲ್ಲಿ ಟಿ-ಕೋಶಗಳ ಪ್ರತಿಕ್ರಿಯೆ ಹೆಚ್ಚು ಚುರುಕಾಗಿತ್ತೆಂದು ಯೇಲ್ ವಿಶ್ವವಿದ್ಯಾಲಯದ ಅಧ್ಯಯನ 2020ರಲ್ಲಿ ಹೇಳಿತು.

ಈ ಚುರುಕುತನಕ್ಕೆ ಬೆಲೆಯೂ ಉಂಟು. ನಿರೋಧಕ ವ್ಯವಸ್ಥೆಯು ಸ್ವಂತ ದೇಹದ ಮೇಲೆಯೇ ಎರಗುವ ಲೂಪಸ್ ಕಾಯಿಲೆಗೆ ತುತ್ತಾಗುವ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಕೀಲುನೋವು, ಸುಸ್ತು ಎನ್ನುವ ಗೃಹಿಣಿಗೆ 'ವಿಶ್ರಾಂತಿ ತೆಗೆದುಕೊಳ್ಳಿ' ಎಂದು ಹೇಳಿ ಕಳುಹಿಸುವ ಮುನ್ನ ವೈದ್ಯರು ಈ ಅಂಕಿಯನ್ನು ನೆನೆಯುವುದೊಳಿತು.

ಹೀಗಿದ್ದೂ ಔಷಧ ವಿಜ್ಞಾನಕ್ಕೆ ಬಹುಕಾಲ 'ಮನುಷ್ಯ' ಎಂದರೆ ಪುರುಷನೇ ಆಗಿದ್ದ. ಗರ್ಭ ಧರಿಸುವ ಸಾಧ್ಯತೆಯುಳ್ಳ ಮಹಿಳೆಯರನ್ನು ಆರಂಭಿಕ ಪ್ರಯೋಗಗಳಿಂದ ಹೊರಗಿಡುವಂತೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1977ರಲ್ಲಿ ಸೂಚಿಸಿತ್ತು. ಅದು ಬದಲಾದದ್ದು 1993ರಲ್ಲಿ. ಒಳಗೊಂಡರಷ್ಟೇ ಸಾಕೆ? ಫ್ಲೂ ಲಸಿಕೆಯ ಅರ್ಧ ಡೋಸ್ ಪಡೆದ ಮಹಿಳೆಯರಲ್ಲಿ, ಪೂರ್ಣ ಡೋಸ್ ಪಡೆದ ಪುರುಷರಷ್ಟೇ ಪ್ರತಿಕಾಯಗಳು ಉತ್ಪತ್ತಿಯಾದುದನ್ನು 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ದಾಖಲಿಸಿತು. ಆದರೂ ಡೋಸ್ ಇಬ್ಬರಿಗೂ ಒಂದೇ. ಅರ್ಧಕ್ಕೆ ಇಳಿಸಿಬಿಡಿ ಎಂಬುದು ಇಲ್ಲಿನ ವಾದವಲ್ಲ. ಪ್ರತಿಕಾಯದ ಪ್ರಮಾಣವೊಂದೇ ರಕ್ಷಣೆಯ ಅಳತೆಗೋಲಲ್ಲ. ಪರೀಕ್ಷಿಸಿ ನೋಡಬೇಕಲ್ಲವೇ ಎಂಬುದಷ್ಟೇ ಪ್ರಶ್ನೆ.

ಜಗತ್ತಿನ ಲಸಿಕೆಗಳಲ್ಲಿ ದೊಡ್ಡ ಪಾಲನ್ನು ತಯಾರಿಸುವ ಭಾರತ ಈ ವಿಷಯದಲ್ಲಿ ಮೊದಲ ಹೆಜ್ಜೆ ಇಡಬಹುದು. ಪರಿಣಾಮ, ಅಡ್ಡಪರಿಣಾಮಗಳೆರಡನ್ನೂ ಲಿಂಗವಾರು ಪ್ರಕಟಿಸದ ಲಸಿಕೆಗೆ ಅನುಮೋದನೆ ಇಲ್ಲವೆಂದು ನಿಯಮ ರೂಪಿಸಲಿ. ಪ್ರಯೋಗಕ್ಕೆ ಒಳಗಾಗುವವರ ಲಿಂಗವನ್ನು ಹೇಗೂ ಬರೆದುಕೊಳ್ಳುತ್ತಾರೆ. ಹೀಗಾಗಿ ದೊಡ್ಡ ಖರ್ಚಿನ ನೆಪವನ್ನು ಯಾರೂ ಹೇಳುವಂತಿಲ್ಲ.