ಫಲಿತಾಂಶದ ದಿನ ತೀರ್ಮಾನ ಬೇಡ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಸಂಜೆ ಗುಂಡ್ಲುಪೇಟೆ ಕಡೆಯ ಹಳ್ಳಿಮನೆಯಲ್ಲಿ ಏನು ನಡೆಯುತ್ತದೆ ಎಂಬುದು ಓದುಗರಿಗೆ ಗೊತ್ತಿರುವುದೇ. ಜಗಲಿಯ ಮೇಲೆ ಮಾವ, ಚಿಕ್ಕಪ್ಪ, ಪಕ್ಕದ ಮನೆಯವರು ಸೇರುತ್ತಾರೆ. 'ಸೈನ್ಸ್‌ಗ ಸೇರ್ಸು, ಇಲ್ದಿದ್ರ ಮುಂದ ದಾರಿನೇ ಇಲ್ಲ' ಎಂದು ಒಬ್ಬರು. 'ಹೆಣ್ಣುಕೂಸ ಮೈಸೂರ್ಗ ಯಾಕ್ ಕಳ್ಸೀಯ?' ಎಂದು ಇನ್ನೊಬ್ಬರು. ಅಂಕ ತೆಗೆದ ಹುಡುಗಿ ಮಾತ್ರ ಒಳಗೆ ಬಾಗಿಲ ಮರೆಯಲ್ಲಿ ನಿಂತಿರುತ್ತಾಳೆ. ಆ ರಾತ್ರಿ ಅವಳಿಗೆ ನಿದ್ದೆಯಿಲ್ಲ. ಅಪ್ಪನಿಗೂ ಇಲ್ಲ, ಅವರ ಚಿಂತೆ ಫೀಜು, ಹಾಸ್ಟೆಲ್, ಸಾಲದ್ದು. ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳುವುದಿಲ್ಲ.

ಈ ಒತ್ತಡದ ಮುಕ್ಕಾಲು ಪಾಲು ಬರುವುದು 'ಇದು ತಪ್ಪಿದರೆ ಬದುಕೇ ತಪ್ಪಿತು' ಎಂಬ ಭಾವನೆಯಿಂದ. ಅರಿಶಿನ ಹಾಕುವ ರೈತ ಹತ್ತು ಸಲ ಯೋಚಿಸುತ್ತಾನೆ, ಏಕೆಂದರೆ ಎಂಟೊಂಬತ್ತು ತಿಂಗಳು ಆ ನೆಲ ಬೇರೆ ಯಾವುದಕ್ಕೂ ಒದಗದು. ಬೀನ್ಸ್ ಹಾಕುವಾಗ ಅಷ್ಟು ಯೋಚನೆಯಿಲ್ಲ. ಬೆಲೆ ಬಿದ್ದರೂ ಎರಡು ಮೂರು ತಿಂಗಳಲ್ಲಿ ನೆಲ ಖಾಲಿಯಾಗುತ್ತದೆ. ತೆರಕಣಾಂಬಿ ಮಾರುಕಟ್ಟೆಗೆ ತರಕಾರಿ ಒಯ್ಯುವವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಓದಿನ ಮಾತು ಬಂದಾಗ ಮಾತ್ರ ಎಲ್ಲವೂ ಅರಿಶಿನವೇ ಆಗಿಬಿಡುತ್ತದೆ!

ಹಾಗಾಗಿ ಮೊದಲು ನೋಡಬೇಕಾದದ್ದು, ಯಾವ ದಾರಿಯಿಂದ ಹಿಂತಿರುಗಬಹುದು ಎಂಬುದನ್ನು. ಪಿಯುಸಿ ಬಿಟ್ಟು ಮೂರು ವರ್ಷದ ಡಿಪ್ಲೊಮಾ ಸೇರಿದವರು ಡಿಸಿಇಟಿ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೇ ಹೋಗಬಹುದು. ಎರಡು ವರ್ಷದ ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶವಿದೆ. ಅನುತ್ತೀರ್ಣರಾದವರು ವರ್ಷ ಕಳೆದುಕೊಳ್ಳದೆ ಪರೀಕ್ಷೆ-2 ಬರೆಯಬಹುದು. 2024ರಲ್ಲಿ ಈ ಪದ್ಧತಿ ಬಂದಿದೆ. ಪಿಯುಸಿ ವಿಜ್ಞಾನ ಓದಿದವರಿಗೆ ಮುಂದೆ ಬಿ.ಕಾಂ., ಬಿ.ಎ., ಕಾನೂನು ಎಲ್ಲವೂ ತೆರೆದಿರುತ್ತವೆ. ವಾಣಿಜ್ಯ ಓದಿ ಆಮೇಲೆ ವೈದ್ಯರಾಗುತ್ತೇನೆಂದರೆ ಮಾತ್ರ ಮೊದಲಿಂದ ಶುರು ಮಾಡಬೇಕು. ಇದು ನಿಜವಾದ ಅರಿಶಿನ. ಆದರೆ ಬಾಗಿಲು ತೆರೆದಿರಲಿ ಎಂಬ ಒಂದೇ ಕಾರಣಕ್ಕೆ ಗಣಿತಕ್ಕೆ ಹೆದರುವ ಹುಡುಗನನ್ನು ವಿಜ್ಞಾನಕ್ಕೆ ನೂಕುವುದು ನನಗೆ ಒಪ್ಪಿಗೆಯಿಲ್ಲ. ತೆರೆದ ಬಾಗಿಲಲ್ಲಿ ಎರಡು ವರ್ಷ ಅಳುತ್ತ ನಿಂತರೆ ಏನು ಬಂತು? ಬೇಸಾಯದಲ್ಲಿ ಆಸಕ್ತಿಯಿರುವ ವಿಜ್ಞಾನದ ವಿದ್ಯಾರ್ಥಿಗಳಿಗೆ ಬಿ.ಎಸ್ಸಿ. ಕೃಷಿ ಇದೆ, ಅದರಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇವೆ. ಹೊಲ ನೋಡಿ ಬೆಳೆದ ಮಕ್ಕಳೂ ಇದನ್ನು ಮರೆಯುತ್ತಾರೆ.

ಇನ್ನು ದೂರದ ಭಯ. ಚಾಮರಾಜನಗರವಾಗಲಿ ಗುಂಡ್ಲುಪೇಟೆಯಾಗಲಿ, ಮೈಸೂರು ಸುಮಾರು 60 ಕಿಲೋಮೀಟರ್. ಹಿಂದಿನ ತಲೆಮಾರಿಗೆ ದೊಡ್ಡ ಓದೆಂದರೆ ಮೈಸೂರೇ. 1997ರಲ್ಲಿ ಜಿಲ್ಲೆಯಾದ ಮೇಲೆ ಚಾಮರಾಜನಗರಕ್ಕೆ 2007ರಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು, 2016ರಲ್ಲಿ ವೈದ್ಯಕೀಯ ಕಾಲೇಜು ಬಂದವು. ಜಗಲಿಯ ಮೇಲೆ ಸಲಹೆ ಕೊಡುವ ಹಿರಿಯರಲ್ಲಿ ಎಷ್ಟೋ ಮಂದಿ ಇನ್ನೂ ತಮ್ಮ ಕಾಲದ ನಕ್ಷೆಯನ್ನೇ ಹಿಡಿದು ಮಾತನಾಡುತ್ತಾರೆ.

ಫಲಿತಾಂಶದ ದಿನ ಯಾವ ತೀರ್ಮಾನವೂ ಬೇಡ. ಅರ್ಜಿಗೆ ಕೊನೆಯ ದಿನಾಂಕ ಯಾವುದೆಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಮೂರು ದಿನ ಬಿಡಿ. ಆಮೇಲೆ ಮಗಳು ಒಂದು ಹಾಳೆಯಲ್ಲಿ ತನಗೇನು ಭಯ ಎಂದು ಬರೆಯಲಿ, ಅಪ್ಪ ಅಮ್ಮ ಇನ್ನೊಂದರಲ್ಲಿ ಬರೆಯಲಿ. ಬರೆಯಲು ಬಾರದವರು ಹೇಳಿ ಬರೆಸಲಿ. ಹಾಳೆ ಅದಲುಬದಲಾದಾಗ ದೊಡ್ಡ ಭಯವೊಂದು ನಾಲ್ಕಾರು ಸಣ್ಣ ಪ್ರಶ್ನೆಗಳಾಗಿ ಒಡೆಯುತ್ತದೆ. ಹಾಸ್ಟೆಲ್, ವಿದ್ಯಾರ್ಥಿವೇತನದ್ದು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಇಲಾಖೆಯ ಕಚೇರಿಯಲ್ಲಿ ಕೇಳುವ ಪ್ರಶ್ನೆ. ಯಾವ ವಿಷಯ ಎಂಬುದನ್ನು ಪಾಠ ಮಾಡಿದ ಮೇಷ್ಟ್ರಲ್ಲಿ ಕೇಳಬೇಕು, ಮಾವನಲ್ಲಿ ಅಲ್ಲ. ಎಲ್ಲಕ್ಕಿಂತ ಉತ್ತಮವಾದ ಕಾಲೇಜನ್ನೇ ಹುಡುಕುತ್ತ ಕೂರಬೇಕಾಗಿಲ್ಲ. ಮನುಷ್ಯ ಎಲ್ಲ ಸಾಧ್ಯತೆಗಳನ್ನೂ ತೂಗಿ ನೋಡಲಾರ, ಸಾಕೆನ್ನುವಷ್ಟು ಒಳ್ಳೆಯದು ಸಿಕ್ಕಿದಾಗ ಹುಡುಕಾಟ ನಿಲ್ಲಿಸುತ್ತಾನೆ ಎಂದು ವಿವರಿಸಿದ ಹರ್ಬರ್ಟ್ ಸೈಮನ್‌ರಿಗೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು.

ಒಂದು ಎಚ್ಚರಿಕೆ. ಮಗು ಊಟ ಬಿಟ್ಟರೆ, ದಿನಗಟ್ಟಲೆ ನಿದ್ದೆ ಮಾಡದಿದ್ದರೆ, 'ನಾನಿದ್ದೇನು ಪ್ರಯೋಜನ' ಎಂಬ ಮಾತಾಡಿದರೆ ಅದನ್ನು ಹಟವೆಂದು ಬೈಯಬೇಡಿ, ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ.

ಎಲ್ಲ ವಿಚಾರಿಸಿ ಒಂದು ಕಾಲೇಜು ಎಂದು ಗೊತ್ತಾದ ಮೇಲೆ, ಹಣ ಕಟ್ಟುವ ಮೊದಲು, ಅಪ್ಪ ಮಗಳು ಒಂದು ದಿನ ಅಲ್ಲಿಗೆ ಬೆಳಗಿನ ಬಸ್ಸಿನಲ್ಲೇ ಹೋಗಿ ಬನ್ನಿ. ಗುಂಡ್ಲುಪೇಟೆಗೆ ರೈಲಿಲ್ಲ; ಬಸ್ಸಿನಲ್ಲಿ ನಿಂತು ಹೋಗಬೇಕೇ, ಸಂಜೆ ಎಷ್ಟು ಹೊತ್ತಿಗೆ ಮನೆ ಸೇರುತ್ತೀರಿ ಎಂಬುದು ಅಂದೇ ತಿಳಿಯುತ್ತದೆ.