ಕೋಳಿ ಸಾಕ್ತೀರಾ? ಮೊದಲು ಏಪ್ರಿಲ್ ತಿಂಗಳನ್ನು ನೆನೆಯಿರಿ

ಅಂಗಡಿಯಿಂದ ತಂದ ಮೊಟ್ಟೆ ಒಡೆದಾಗ ಪೇಲವ ಹಳದಿ ಕಾವಲಿಯ ಮೇಲೆ ಹರಡಿಕೊಂಡರೆ ಸಾಕು, ನಮ್ಮಲ್ಲಿ ಅನೇಕರಿಗೆ ಅಮ್ಮನ ಮನೆಯ ಹಿತ್ತಲು ನೆನಪಾಗುತ್ತದೆ. 'ನಾವೂ ನಾಲ್ಕು ಕೋಳಿ ಸಾಕಿದರೆ ಹೇಗೆ?' ಎಂಬ ಮಾತು ಅಲ್ಲೇ ಹುಟ್ಟುತ್ತದೆ. ಕೋಟೇಶ್ವರ, ಕುಂದಾಪುರದ ಕಡೆ ತಾರಸಿ ಮನೆಯಾದರೂ ಹಿಂದೆ ಎರಡು ತೆಂಗಿನಮರ, ಒಂದು ನುಗ್ಗೆಗಿಡದಷ್ಟು ಜಾಗ ಇನ್ನೂ ಉಳಿದಿದೆ. ಸಾಕಿ, ಖಂಡಿತ ಸಾಕಿ. ಆದರೆ 'ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತೆ?' ಎಂದು ಕೇಳುವುದಕ್ಕೆ ಮೊದಲು 'ಏಪ್ರಿಲ್ ಮಧ್ಯಾಹ್ನ ಇದು ಬದುಕುತ್ತಾ?' ಎಂದು ಕೇಳಿ. ನಾನು ಕೇಳಲಿಲ್ಲ. ಅದರ ಬೆಲೆ ತೆತ್ತೆ.

ಮನೆಖರ್ಚಿನಲ್ಲಿ ಉಳಿಸಿ ಕೂಡಿಟ್ಟ ದುಡ್ಡಿನಲ್ಲಿ ಆರು ಹೇಂಟೆ ತಂದಿದ್ದೆ. ಮೂರು ಕಿಲೋ ತೂಗುವ, ನೋಡಿದರೆ ಕಣ್ಣು ತುಂಬುವಂಥ ಭಾರೀ ಜಾತಿ. ಜನವರಿಯಿಂದ ಮೊಟ್ಟೆ ಶುರುವಾಯಿತು. ಅಕ್ಕಪಕ್ಕದ ಎರಡು ಮನೆಗೆ ಕೊಟ್ಟು, ಬಂದ ದುಡ್ಡನ್ನು ಮಗಳ ಹೆಸರಿನಲ್ಲಿ ಕಟ್ಟುತ್ತಿದ್ದೆ. ನನ್ನದೇ ಸಂಪಾದನೆ ಅಂತ ಒಂದು ಹೆಮ್ಮೆ ಬೇರೆ! ಗೂಡಿಗೆ ಹೊದೆಸಿದ್ದು ತಗಡಿನ ಶೀಟು. ಅಡುಗೆ ಮುಗಿದ ಮೇಲೆ ಬಿಡುವು ಅಂತ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ತಟ್ಟೆ ತುಂಬ ಆಹಾರ ಸುರಿಯುತ್ತಿದ್ದೆ. ಏಪ್ರಿಲ್‌ನ ಒಂದು ದಿನ ಮೂರು ಗಂಟೆಗೆ ಬಟ್ಟೆ ತೆಗೆಯಲು ಹೋದವಳು ನೋಡುತ್ತೇನೆ, ಮೂರು ಹೇಂಟೆ ರೆಕ್ಕೆ ಬಿಚ್ಚಿಕೊಂಡು ಬಿದ್ದಿವೆ. ಯಾವ ರೋಗವೂ ಇಲ್ಲ. ಬೆಳಿಗ್ಗೆ ಚೆನ್ನಾಗಿಯೇ ಇದ್ದವು. ಅತ್ತೆ ಮಾತ್ರ ಗೂಡಿನ ತಗಡನ್ನೊಮ್ಮೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡು, 'ಉರಿ ಬಿಸ್ಲಿಗೆ ಹೊಟ್ಟಿ ತುಂಬ ಹಾಕ್ರೆ ಅದ್ ಎಂತ ಮಾಡತ್ತ್ ಮಗಾ?' ಎಂದರು. ಆ ಮಾತು ನೂರಕ್ಕೆ ನೂರು ಸರಿ ಎಂದು ತಿಳಿದದ್ದು ಆಮೇಲೆ, ನಾಲ್ಕಾರು ಕಡೆ ವಿಚಾರಿಸಿ ಓದಿಕೊಂಡ ಮೇಲೆ.

ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈಬಿಸಿಯೇ 41 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಕಾವು ಇಳಿಸಿಕೊಳ್ಳಲು ಇರುವ ದೊಡ್ಡ ದಾರಿ ಬಾಯಿ ತೆರೆದು ಏದುಸಿರು ಬಿಡುವುದು. ಗಂಟಲಿನ ತೇವ ಆರಿದಂತೆ ಮೈ ತಂಪಾಗುತ್ತದೆ. ಕಲಬುರಗಿಯಲ್ಲಿ ಬಿಸಿಲು 42 ಮುಟ್ಟಿದರೂ ಗಾಳಿ ಒಣ. ನಮ್ಮಲ್ಲಿ 34, 35 ಅಷ್ಟೇ, ಆದರೆ ಒಗೆದ ಬಟ್ಟೆಯೇ ಜಿಗುಟಾಗುವ ಸೆಕೆ! ಗಾಳಿಯಲ್ಲೇ ನೀರು ತುಂಬಿರುವಾಗ ಗಂಟಲಿನ ತೇವ ಎಲ್ಲಿ ಆರಬೇಕು? ಅದರ ಮೇಲೆ ತಿಂದದ್ದು ಜೀರ್ಣವಾಗುವಾಗಲೂ ಮೈಯೊಳಗೆ ಕಾವು ಹುಟ್ಟುತ್ತದೆ. ಹನ್ನೆರಡಕ್ಕೆ ತಿಂದರೆ ಆ ಕಾವು ಏರುವುದು ಸರಿಯಾಗಿ ಸೂರ್ಯ ಉರಿಯುವ ಹೊತ್ತಿಗೆ. ದೊಡ್ಡ ಮೈಯಿಂದ ಬಿಸಿ ಹೊರಹೋಗುವುದು ನಿಧಾನ, ಹಾಗಾಗಿ ಭಾರದ ಕೋಳಿಯೇ ಮೊದಲು ಬೀಳುತ್ತದೆ.

ಈಗ ತಳಿಯ ಮಾತಿಗೆ ಬರೋಣ. ಎಲ್ಲರೂ ಮೊದಲು ಹೇಳುವ ಹೆಸರು ಗಿರಿರಾಜ. ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ರೂಪಿಸಿದ ತಳಿ, ಮಾಂಸಕ್ಕೂ ಮೊಟ್ಟೆಗೂ ಆಗುತ್ತದೆ. ಹುಂಜ ನಾಲ್ಕು ಕಿಲೋವರೆಗೂ ಬೆಳೆಯುತ್ತದೆ. ತೋಟದ ನೆರಳು, ತಿರುಗಾಡಲು ಜಾಗ ಇದ್ದವರು ಧಾರಾಳ ಸಾಕಬಹುದು. ಅದೇ ಹೆಬ್ಬಾಳದಿಂದ ಆಮೇಲೆ ಬಂದದ್ದು ಸ್ವರ್ಣಧಾರಾ. ಗಿರಿರಾಜಕ್ಕಿಂತ ಮೈ ಹಗುರ, ವರ್ಷಕ್ಕೆ ಹದಿನೈದಿಪ್ಪತ್ತು ಮೊಟ್ಟೆ ಹೆಚ್ಚು. ಹಗುರವಾದ್ದರಿಂದ ಕಾಡುಬೆಕ್ಕು, ನಾಯಿ ಬಂದಾಗ ಹಾರಿ ತಪ್ಪಿಸಿಕೊಳ್ಳುವ ಚುರುಕೂ ಇದೆ. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯದ ಎರಡು ತಳಿಗಳಲ್ಲಿ ವನರಾಜ ಮೈ ತುಂಬಿದ್ದು, ಗ್ರಾಮಪ್ರಿಯ ಮೊಟ್ಟೆಯದು. ನಮ್ಮಂಥ ಸಣ್ಣ ಹಿತ್ತಲಿಗೆ, ಮೊಟ್ಟೆಗಾಗಿ ಮಾತ್ರ ಸಾಕುವವರಿಗೆ ಸ್ವರ್ಣಧಾರಾ ಅಥವಾ ಗ್ರಾಮಪ್ರಿಯ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಮತ್ತೆ ನಮ್ಮ ಊರ ಕೋಳಿ? ವರ್ಷಕ್ಕೆ ಅರವತ್ತೋ ಎಂಬತ್ತೋ ಮೊಟ್ಟೆ ಅಷ್ಟೇ ಎಂದು ಮೂಗು ಮುರಿಯಬೇಡಿ. ಬಿಸಿಲು ತಡೆಯುವುದರಲ್ಲಿ, ಹದ್ದು ಕಂಡ ಕೂಡಲೇ ಮರಿಗಳನ್ನು ರೆಕ್ಕೆಯೊಳಗೆ ಎಳೆದುಕೊಳ್ಳುವುದರಲ್ಲಿ ಅದನ್ನು ಮೀರಿಸುವುದು ಕಷ್ಟ. ಸುಧಾರಿತ ತಳಿಗಳಲ್ಲಿ ಕಾವಿಗೆ ಕೂರುವ ಗುಣವೇ ಹೆಚ್ಚುಕಡಿಮೆ ಹೋಗಿಬಿಟ್ಟಿದೆ. ಅವುಗಳ ಮೊಟ್ಟೆಯಿಂದ ಮರಿ ಮಾಡಿದರೂ ತಾಯಿಯಷ್ಟು ಮೊಟ್ಟೆ ಇಡುವ ಗುಣ ಮರಿಗೆ ಬರುವುದಿಲ್ಲ. ಹೀಗಾಗಿ ನಾಲ್ಕು ಸ್ವರ್ಣಧಾರಾ ಇದ್ದರೆ ಜೊತೆಗೆ ಎರಡು ಊರ ಹೇಂಟೆ, ಇದು ನಾನೀಗ ಇಟ್ಟುಕೊಂಡ ಲೆಕ್ಕ.

ಊರ ಕೋಳಿಯಲ್ಲೇ ಕುತ್ತಿಗೆಗೆ ಗರಿ ಇಲ್ಲದ ಒಂದು ಜಾತಿ ನೋಡಿದ್ದೀರಾ? 'ಕಾಂಬುಕೆ ಚಂದ ಇಲ್ಲ' ಅಂತ ಯಾರಿಗೂ ಬೇಡ. ಆದರೆ ಆ ಬೋಳು ಕುತ್ತಿಗೆಯೇ ಅದಕ್ಕೆ ಬೀಸಣಿಗೆ! ಗರಿ ಕಡಿಮೆ ಇರುವಲ್ಲಿಂದ ಕಾವು ಸಲೀಸಾಗಿ ಹೊರಗೆ ಹೋಗುತ್ತದೆ. ಉತ್ತರಪ್ರದೇಶದ ಇಜ್ಜತ್‌ನಗರದ ವಿಜ್ಞಾನಿಗಳು ಇದೇ ಗುಣ ನೋಡಿ, ಬೋಳುಕುತ್ತಿಗೆ ಕೋಳಿಯನ್ನು ಬಳಸಿ ಸೆಕೆಯ ಊರಿಗೆಂದು ಹಿತ್‌ಕಾರಿ ಎಂಬ ತಳಿ ಮಾಡಿದ್ದಾರೆ. ಸಿಕ್ಕರೆ ಬಿಡಬೇಡಿ. ಹಾಗೆಯೇ, ಜಾತ್ರೆಯಲ್ಲಿ ಗುಲಾಬಿ, ಹಸಿರು ಬಣ್ಣ ಬಳಿದು ಮಾರುವ ಮರಿಗಳನ್ನು ಮಕ್ಕಳು ಹಟ ಹಿಡಿದರೂ ತರಬೇಡಿ. ಸಾಮಾನ್ಯವಾಗಿ ಅವು ಮೊಟ್ಟೆ ಕೋಳಿ ಕಂಪನಿಗಳಿಗೆ ಬೇಡವಾದ ಗಂಡು ಮರಿಗಳು. ಮೊಟ್ಟೆ ಬಿಡಿ, ಹೆಚ್ಚಿನವು ವಾರ ದಾಟುವುದೇ ಕಷ್ಟ.

ತಳಿ ಸರಿಯಿದ್ದು ಆಹಾರ ತಪ್ಪಿದರೂ ಕೆಲಸ ಕೆಟ್ಟಂತೆಯೇ. ಬೇಸಿಗೆಯಲ್ಲಿ ಬೆಳಿಗ್ಗೆ ಆರರಿಂದ ಎಂಟರೊಳಗೆ ಒಮ್ಮೆ, ಸಂಜೆ ಐದರ ಮೇಲೆ ಇನ್ನೊಮ್ಮೆ. ನಡುವೆ ನೀರು ಮಾತ್ರ. ಬೆಳೆದ ಹೇಂಟೆ ಕಟ್ಟಿಹಾಕಿದರೆ ದಿನಕ್ಕೆ ನೂರು, ನೂರಿಪ್ಪತ್ತು ಗ್ರಾಂ ತಿನ್ನುತ್ತದೆ. ಹಿತ್ತಲಲ್ಲಿ ಕೆದಕಿ ತಿನ್ನುವ ಕೋಳಿಗೆ ಅದರ ಅರ್ಧ ಕೊಟ್ಟರೆ ನಡೆಯುತ್ತದೆ. ನಾವೆಲ್ಲ ಮಾಡುವ ತಪ್ಪೆಂದರೆ ಉಳಿದ ಕುಚ್ಚಲಕ್ಕಿ ಅನ್ನ, ನುಚ್ಚು ಹಾಕಿ ಹೊಟ್ಟೆ ತುಂಬಿಸುವುದು. ಸೆಕೆಗೆ ಕೋಳಿ ತಿನ್ನುವುದೇ ಕಮ್ಮಿ. ಆ ಕಮ್ಮಿಯಲ್ಲೂ ಬರೀ ಅನ್ನವೇ ತುಂಬಿದರೆ ಮೊಟ್ಟೆಗೆ ಬೇಕಾದ ಸತ್ವ ಎಲ್ಲಿಂದ ಬರಬೇಕು? ಮೊಟ್ಟೆ ಇಡುವ ಕೋಳಿಯ ಆಹಾರದಲ್ಲಿ ಶೇ. 16ರಿಂದ 18ರಷ್ಟು ಪ್ರೋಟೀನ್ ಇರಬೇಕು. ಅಂಗಡಿಯ ಲೇಯರ್ ಫೀಡ್ ಅರ್ಧ, ಉಳಿದರ್ಧಕ್ಕೆ ತೌಡು, ತೆಂಗಿನ ಹಿಂಡಿ, ಹೆಚ್ಚಿದ ನುಗ್ಗೆಸೊಪ್ಪು, ಇದು ನನ್ನ ಪದ್ಧತಿ. ಹಳೇ ಗೋಣಿಚೀಲ ಒದ್ದೆ ಮಾಡಿ ಮರದ ಬುಡದಲ್ಲಿಟ್ಟರೆ ಗೆದ್ದಲು ಹತ್ತುತ್ತದೆ. ಕೊಡವಿ ಹಾಕಿ, ಕೋಳಿಗಳ ಸಂಭ್ರಮ ನೋಡಿ!

ನಮ್ಮ ಕರಾವಳಿಯವರಿಗೆ ಇನ್ನೊಂದು ಮಾತು. ಮೀನಿನ ತಲೆ, ಕರುಳು ಬೇಯಿಸಿ ಸ್ವಲ್ಪ ಹಾಕಬಹುದು, ಒಳ್ಳೆಯ ಪ್ರೋಟೀನ್. ಹೆಚ್ಚಾದರೆ ಮೊಟ್ಟೆಯೇ ಮೀನು ವಾಸನೆ ಬರುತ್ತದೆ. ಒಣಮೀನಿನ ಚೂರು ಮಾತ್ರ ಬೇಡವೇ ಬೇಡ. ಅದರ ಉಪ್ಪು ಕೋಳಿಗೆ ವಿಷವಾಗಬಹುದು, ಅದೂ ನೀರು ಸಾಲದ ಬೇಸಿಗೆಯಲ್ಲಿ.

ಮಾರ್ಚ್ ಬಂದ ಮೇಲೆ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಮುಟ್ಟಿದರೆ ಒಡೆಯುವುದನ್ನು ಗಮನಿಸಿದ್ದೀರಾ? ಇದಕ್ಕೂ ಏದುಸಿರೇ ಕಾರಣ. ಏದುಸಿರಿನ ಜೊತೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಗೆ ಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ರಕ್ತದಲ್ಲಿ ಕಡಿಮೆಯಾಗುತ್ತದೆ. ತಿನ್ನುವುದು ಕಮ್ಮಿಯಾದ್ದರಿಂದ ಸುಣ್ಣದಂಶವೂ ಸಾಲುವುದಿಲ್ಲ. ಮರುವಾಯಿ ಸಾರು ಮಾಡಿದ ದಿನ ಚಿಪ್ಪು ಎಸೆಯಬೇಡಿ. ತೊಳೆದು, ಒಣಗಿಸಿ, ಒರಳಿನಲ್ಲಿ ಕುಟ್ಟಿ ಬೇರೆಯೇ ಒಂದು ಗೆರಟೆಯಲ್ಲಿಡಿ. ಬೇಕಾದ ಕೋಳಿ ಬೇಕಾದಷ್ಟು ಹೆಕ್ಕಿಕೊಳ್ಳುತ್ತದೆ. ಅದನ್ನು ಮರಿಗಳ ಆಹಾರಕ್ಕೆ ಬೆರೆಸಬೇಡಿ, ಲೇಯರ್ ಫೀಡನ್ನೂ ಹಾಕಬೇಡಿ. ಅಷ್ಟು ಸುಣ್ಣ ಮರಿಗಳ ಮೂತ್ರಪಿಂಡಕ್ಕೆ ಪೆಟ್ಟು.

ನೀರು ಮಣ್ಣಿನ ಪಾತ್ರೆಯಲ್ಲಿ, ನೆರಳಿನಲ್ಲಿ, ಮಧ್ಯಾಹ್ನ ಒಮ್ಮೆ ಚೆಲ್ಲಿ ಹೊಸತು ತುಂಬಿ. ಗೂಡಿನ ತಗಡಿನ ಮೇಲೆ ನಾನೀಗ ದಪ್ಪಕ್ಕೆ ಮಡಲು ಹೊದೆಸಿದ್ದೇನೆ, ಒಂದು ಪಕ್ಕ ಪೂರ್ತಿ ಬಲೆ. ಕೋಳಿ ಬಾಯಿ ತೆರೆದು ರೆಕ್ಕೆ ಇಳಿಬಿಟ್ಟು ನಿಂತರೆ ಅದು ನಿಮ್ಮನ್ನು ಕರೆಯುತ್ತಿದೆ ಎಂದೇ ತಿಳಿಯಿರಿ. ನೆರಳಿಗೆ ತಂದು ಕಾಲನ್ನು ನೀರಿನಲ್ಲಿ ಅದ್ದಿ ಹಿಡಿದರೆ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.

ಬಿಸಿಲು ಮುಗಿಯಿತು ಎನ್ನುವಷ್ಟರಲ್ಲಿ ಮಳೆ. ಜೂನ್‌ನಿಂದ ತೌಡು, ಹಿಂಡಿ ಹದಿನೈದು ದಿನಕ್ಕಾಗುವಷ್ಟೇ ತನ್ನಿ. ಶೇಂಗಾ ಹಿಂಡಿಗೆ ಬೂಸ್ಟು ಹಿಡಿದರೆ ಕಣ್ಣಿಗೆ ಕಾಣದ ವಿಷ ಹುಟ್ಟುತ್ತದೆ. ಬಿಸಿಲಿಗಿಟ್ಟು ಒಣಗಿಸಿದರೂ ಅದು ಹೋಗುವುದಿಲ್ಲ, ಎಸೆಯುವುದೇ ವಾಸಿ. ಗೂಡಿನ ನೆಲ ಒದ್ದೆಯಾದರೆ ಮರಿಗಳಿಗೆ ರಕ್ತಭೇದಿ. ಕೊಕ್ಕರೆ ರೋಗದ ಲಸಿಕೆಯನ್ನಂತೂ ಮರಿಗೆ ವಾರ ತುಂಬುವಾಗಲೇ ಹಾಕಿಸಿ. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರಾರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಅಕ್ಕಪಕ್ಕದವರು ಕೂಡಿ, ಮಂಜುಗಡ್ಡೆ ಹಾಕಿದ ಫ್ಲಾಸ್ಕ್ ಹಿಡಿದು ಪಶು ಆಸ್ಪತ್ರೆಗೆ ಹೋಗಿ. ತಳಿ, ಆಹಾರದ ಬಗ್ಗೆ ಅನುಮಾನವಿದ್ದರೆ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲೂ ಕೇಳಬಹುದು.

ಮರಿ ತರಲು ನನ್ನ ಪ್ರಕಾರ ನವರಾತ್ರಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಮಳೆ ಇಳಿದಿರುತ್ತದೆ, ನೆಲ ಆರಿರುತ್ತದೆ. ಕೊಡಿ ಹಬ್ಬದ ಹೊತ್ತಿಗೆ ಮರಿಗಳಿಗೆ ಗರಿ ಬಂದು ತಿರುಗಾಡಲು ಶುರುಮಾಡುತ್ತವೆ. ಮಾರ್ಚ್‌ನ ಬಿಸಿಲು ಬರುವಾಗ ಐದು ತಿಂಗಳ ಪ್ರಾಯ, ಮೈ ಇನ್ನೂ ಹಗುರ. ಮೊದಲ ಎರಡು ಮೂರು ವಾರ ರಾತ್ರಿ ಬುಟ್ಟಿಯ ಮೇಲೆ ಬಲ್ಬು ಬೇಕು. ಎಲ್‌ಇಡಿ ಬಲ್ಬು ಹಾಕಿ ಮರಿ ಯಾಕೆ ನಡುಗುತ್ತಿದೆ ಎಂದು ನನ್ನ ಹಾಗೆ ತಲೆ ಕೆಡಿಸಿಕೊಳ್ಳಬೇಡಿ, ಅದರಲ್ಲಿ ಬೆಳಕಿದೆ, ಕಾವಿಲ್ಲ. ಹಳೇ ಕಾಲದ ಅರವತ್ತು ವಾಟಿನ ತಂತಿ ಬಲ್ಬೇ ಆಗಬೇಕು. ಈಗ ಎಲ್ಲ ಅಂಗಡಿಯಲ್ಲೂ ಇಡುವುದಿಲ್ಲ, ಮರಿ ತರುವ ಮೊದಲೇ ಹುಡುಕಿಟ್ಟುಕೊಳ್ಳಿ.